ಎಡದಂಚಿನಲ್ಲಿ ಅಪ್ಪನ ಷರಾ

ಬರೆಯುವುದಕ್ಕೆಂದು ಹಾಳೆಯೊಂದನ್ನು ಕೈಗೆತ್ತಿಕೊಂಡೊಡನೆ ಅದರ ಎಡಗಡೆಯ ಕಾಲುಭಾಗವನ್ನು ಒಳಕ್ಕೆ ಮಡಿಚಿ, ಹೆಬ್ಬೆರಳ ಉಗುರಿನಿಂದ ಮೇಲಿನಿಂದ ಕೆಳಗೆ ಒಮ್ಮೆ ತೀಡಿ, ಮತ್ತೆ ಬಿಡಿಸಿ ಮೇಜಿನ ಮೇಲೆ ಹರಡುವ ಅಭ್ಯಾಸವೊಂದು ನನಗಿದೆ. ಕಾಗದ ಯಾವುದೇ ಆಗಿರಲಿ, ಬರೆಯುವ ವಿಷಯ ಎಷ್ಟೇ ಕ್ಷುಲ್ಲಕವಾಗಿರಲಿ, ಈ ವಿಧಿ ಮಾತ್ರ ತಪ್ಪುವುದಿಲ್ಲ. ಸಾಸಿವೆ, ಕಡಲೆಬೇಳೆ, ಅರ್ಧ ಕೆ.ಜಿ. ಹುಣಿಸೆಹಣ್ಣು ಎಂದು ದಿನಸಿಯ ಪಟ್ಟಿ ಬರೆಯುವಾಗಲೂ ಮಡಿಕೆಯ ಎಡಕ್ಕೆ ಒಂದಕ್ಷರ ದಾಟದಂತೆ ಬರೆಯುವ ನನ್ನ ಚೀಟಿಯನ್ನು ನೋಡಿ ಗೌರಿಬಿದನೂರಿನ ನಮ್ಮ ಬೀದಿಯ ಅಂಗಡಿಯವರು, "ಈ ಕಡೆ ಖಾಲಿ ಬಿಟ್ಟಿದ್ದೀರಲ್ಲಮ್ಮ, ಏನಾದ್ರೂ ಬರಿಯೋದ್ ಮರ್ತ್ರಾ?" ಎಂದು ಕೇಳಿದ್ದುಂಟು. ಮರೆತಿಲ್ಲ, ಅದು ತಾವು ಷರಾ ಬರೆಯುವುದಕ್ಕಾಗಿ ಬಿಟ್ಟ ಜಾಗ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಬರೆಯಬಹುದಾದ ಷರಾ ಎಂದರೆ 'ಹುಣಿಸೆಹಣ್ಣು ಹಳೆಯದು' ಎಂಬುದೊಂದೇ, ಮತ್ತು ಅದನ್ನು ಅವರು ಎಂದೂ ಬರೆಯುವವರಲ್ಲ.

ಈ ಅಭ್ಯಾಸದ ಮೂಲಪುರುಷರು ನಮ್ಮ ಅಪ್ಪ. ಚಿಂತಾಮಣಿಯಲ್ಲಿ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿ, ಶಿರಸ್ತೇದಾರರಾಗಿ ನಿವೃತ್ತರಾಗಿ, ನಡುವಿನ ಸುದೀರ್ಘ ಕಾಲವನ್ನು ಪರರ ಅರ್ಜಿಗಳ ಸಾನ್ನಿಧ್ಯದಲ್ಲಿ ಕಳೆದವರು. ನಾನು ಮೂರನೆಯ ತರಗತಿಯಲ್ಲಿದ್ದಾಗ ಜ್ವರ ಬಂದು ಮಲಗಿದ್ದವಳನ್ನು ಎಬ್ಬಿಸಿ, ದಿಂಬಿಗೊರಗಿಸಿ ಕೂರಿಸಿ, ನನ್ನ ಕೈಯಿಂದಲೇ ರಜಾ ಅರ್ಜಿ ಬರೆಸಿದರು. ಜ್ವರ ನನ್ನದಾದ್ದರಿಂದ ಅರ್ಜಿಯೂ ನನ್ನದೇ ಆಗಿರಬೇಕೆಂಬುದು ಅವರ ನ್ಯಾಯ. ನಾನು ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಬರೆಯಹೊರಟಾಗ ತಡೆದು, ಎಡಭಾಗವನ್ನು ಮಡಿಚಿಕೊಟ್ಟು, "ಈ ಜಾಗ ನಮ್ದಲ್ಲ ಕಣಮ್ಮ, ಓದೋರ್ದು. ಅವ್ರೂ ಏನಾದ್ರೂ ಬರೀಬೇಕಲ್ಲ," ಎಂದರು. ಮೂರನೆಯ ತರಗತಿಯ ಮೇಡಂಗೆ ಇಂಥ ಅರ್ಜಿ ಹಿಂದೆಂದೂ ಬಂದಿರಲಿಕ್ಕಿಲ್ಲ. ಅವರು ಆ ಅಂಚಿನಲ್ಲಿ, 'ರಜೆ ಕೊಟ್ಟಿದೆ. ಬೇಗ ಹುಷಾರಾಗು' ಎಂದು ಬರೆದು ಕಳುಹಿಸಿದರು. ಆ ಹಾಳೆ ಇಂದಿಗೂ ಅಪ್ಪನ ಟ್ರಂಕಿನಲ್ಲಿದೆ.

ಹೀಗೆ ಅರ್ಜಿಯ ಮೂಲಕ ಅಕ್ಷರಲೋಕವನ್ನು ಪ್ರವೇಶಿಸಿದವಳು ಮುಂದೆ ಅನುವಾದಕಿಯಾದೆ. ಅನುವಾದಕಿ ಎಂದೊಡನೆ ನೀವು ಪರಭಾಷೆಯ ಮಹಾಕಾವ್ಯಗಳನ್ನು ಊಹಿಸಿಕೊಳ್ಳುವ ತೊಂದರೆ ತೆಗೆದುಕೊಳ್ಳಬೇಡಿ. ನಾನು ಕನ್ನಡಕ್ಕೆ ತಂದಿರುವುದು ಪ್ರೆಷರ್ ಕುಕ್ಕರು, ನೀರಿನ ಪಂಪು, ಕೆಮ್ಮಿನ ಔಷಧಿ, ಕೀಟನಾಶಕ ಮೊದಲಾದ ಕೃತಿಗಳನ್ನು. 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬ ನನ್ನ ವಾಕ್ಯವನ್ನು ನೀವೂ ಎಲ್ಲೋ ಓದಿರುತ್ತೀರಿ, ಅಥವಾ ಓದದೆ ಎಸೆದಿರುತ್ತೀರಿ. ಈ ವಾಙ್ಮಯ ಸೇವೆಯನ್ನು ನಾನು ಬೆಂಗಳೂರಿನ ಒಂದು ಅನುವಾದ ಸಂಸ್ಥೆಯಲ್ಲಿ ಕುಳಿತು ಹನ್ನೆರಡು ವರ್ಷ ಮಾಡಿದೆ. ಗೌರಿಬಿದನೂರಿನಿಂದ ಬೆಳಗಿನ ರೈಲು, ಮಹಿಳೆಯರ ಡಬ್ಬಿಯಲ್ಲಿ ಕಾಯಂ ಕಿಟಕಿ, ಚಳಿಗಾಲ ಬಂತೆಂದರೆ ಎಲ್ಲರ ಮಡಿಲಲ್ಲೂ ನೆನೆಸಿದ ಅವರೆಕಾಳು. ಯಲಹಂಕ ಬರುವಷ್ಟರಲ್ಲಿ ಒಂದು ಮನೆಗಾಗುವಷ್ಟು ಹಿತಕಿದ ಬೇಳೆ ಸಿದ್ಧವಾಗಿರುತ್ತಿತ್ತು. ಆಗ ನಾನು ಉದ್ಯೋಗಿ ಎಂಬುದು ನನಗೆ ವಿಶೇಷವಾಗಿ ತೋರಿರಲಿಲ್ಲ.

ಕೊರೊನಾ ಬಂತು, ರೈಲು ನಿಂತಿತು. ಮನೆಯಲ್ಲೇ ಕುಳಿತು ಕೆಲಸ ಮಾಡಿ ಎಂದರು, ಮಾಡಿದೆ. ಒಂದು ಮಧ್ಯಾಹ್ನ ಎರಡೇ ವಾಕ್ಯಗಳ ಮೇಲ್ ಬಂತು. ಮೊದಲನೆಯದರಲ್ಲಿ ನನ್ನ ಸೇವೆಗೆ ಧನ್ಯವಾದವಿತ್ತು, ಎರಡನೆಯದರಲ್ಲಿ ಆ ಸೇವೆ ಮುಗಿದಿತ್ತು. ಹನ್ನೆರಡು ವರ್ಷ ವಾಕ್ಯಗಳನ್ನು ಚಿಕ್ಕದು ಮಾಡುವುದನ್ನೇ ವೃತ್ತಿ ಮಾಡಿಕೊಂಡಿದ್ದ ನಾನೂ ಅಷ್ಟು ಸಂಕ್ಷಿಪ್ತವಾಗಿ ಎಂದೂ ಬರೆದಿರಲಿಲ್ಲ. ತಮಾಷೆ ಇರಲಿ, ನನಗೆ ಬಹಳ ಅಳು ಬಂತು. ರೈಲಿಗೆ ಒಯ್ಯುತ್ತಿದ್ದ ಚೀಲವನ್ನು ಒಗೆದು, ಒಣಗಿಸಿ, ಮಡಿಚಿ ಬೀರುವಿನ ಮೇಲಿಟ್ಟೆ. ಒಗೆಯುವ ಮುನ್ನ ಅದರ ತಳದಲ್ಲಿ ಎರಡು ಅವರೆಕಾಳು ಸಿಕ್ಕಿದ್ದು ನೋಡಿ ಮತ್ತೊಮ್ಮೆ ಅತ್ತಿದ್ದೆ.

ಮೂರು ತಿಂಗಳಾದ ಮೇಲೆ ಅದೇ ಸಂಸ್ಥೆ, ಅದೇ ಕುಕ್ಕರು, ಅದೇ ಪಂಪುಗಳನ್ನು ಬಿಡಿ ಕೆಲಸವಾಗಿ ಕಳುಹಿಸತೊಡಗಿತು. ವ್ಯತ್ಯಾಸವೆಂದರೆ ಈಗ ಕುರ್ಚಿ ನನ್ನದು, ಕರೆಂಟು ನನ್ನದು, ಬೆನ್ನುನೋವಂತೂ ಮೊದಲಿನಿಂದಲೂ ನನ್ನದೇ. ಇಂಗ್ಲಿಷಿನಲ್ಲಿ ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ. ಆ ಪದದಲ್ಲಿ ಸ್ವಾತಂತ್ರ್ಯದ ಸದ್ದು ಕೇಳಿಸಿ ನಾನೂ ಕೆಲವು ದಿನ ಹಿಗ್ಗಿದೆ. ಆದರೆ ಒಮ್ಮೆ ಎರಡು ವಾಕ್ಯಗಳಲ್ಲಿ ಹೊರಬಿದ್ದವಳಿಗೆ ಮೂರನೆಯ ವಾಕ್ಯದ ಭಯ ಇದ್ದೇ ಇರುತ್ತದೆ. 'ಆಗುವುದಿಲ್ಲ' ಎಂದರೆ ಆ ಕೆಲಸ ಬೇರೆ ಯಾರಿಗೋ ಹೋಗುತ್ತದೆ, ಆಮೇಲೆ ನನ್ನ ಹೆಸರು ಅವರಿಗೆ ಮರೆತುಹೋಗುತ್ತದೆ ಎಂಬ ಅಂಜಿಕೆಯಿಂದ ನಾನು ಬಂದದ್ದಕ್ಕೆಲ್ಲ ಹೂಂ ಎಂದೆ. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಸಾಂದರ್ಭಿಕ ರಜೆ, ಗಳಿಕೆ ರಜೆ, ಪರಿಮಿತ ರಜೆ, ದಸರಾ ರಜೆ, ಬೇಸಿಗೆ ರಜೆ ಎಂದು ಋತುಮಾನಕ್ಕೊಂದು ಫಸಲು. ನನಗೆ ಭಾನುವಾರವೂ ಇರಲಿಲ್ಲ. ಒಂದು ಯುಗಾದಿಯಂದು ಒಲೆಯ ಮೇಲೆ ಹೋಳಿಗೆ ಹಾಕಿ, ಪಕ್ಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, 'ಉಪಕರಣವನ್ನು ಉರಿಯ ಮೇಲಿಟ್ಟು ಬೇರೆ ಕೆಲಸದಲ್ಲಿ ತೊಡಗಬೇಡಿ' ಎಂಬ ಎಚ್ಚರಿಕೆಯನ್ನು ತಿದ್ದುತ್ತಿದ್ದಾಗ ಸೀದ ವಾಸನೆ ಬಂತು. ಆ ವರ್ಷ ನಮ್ಮ ಮನೆಯಲ್ಲಿ ಬೇವನ್ನು ಪ್ರತ್ಯೇಕವಾಗಿ ತಿನ್ನುವ ಅಗತ್ಯ ಬೀಳಲಿಲ್ಲ.

ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ಶಿಡ್ಲಘಟ್ಟದಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳ ಮದುವೆ ಬಂತು. ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ. ಮುಹೂರ್ತಕ್ಕೆ ಒಂದು ಗಂಟೆಯಿರುವಾಗ ಫೋನು ಬಡಿದುಕೊಂಡಿತು: ಬಟ್ಟೆ ಒಗೆಯುವ ಯಂತ್ರವೊಂದರ ಕೈಪಿಡಿ, ತುರ್ತು. ಕಲ್ಯಾಣ ಮಂಟಪದಲ್ಲಿ ಹೆಣ್ಣಿನ ಕಡೆಯವರ ಸೀರೆ, ಪೆಟ್ಟಿಗೆಗಳನ್ನಿಟ್ಟಿದ್ದ ಕೋಣೆಗೆ ಹೋಗಿ, ಹೂವಿನ ಬುಟ್ಟಿಗಳ ನಡುವೆ ಚಾಪೆ ಹಾಸಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ನಡುವೆ ಯಾರೋ ಅತ್ತೆ ಇಣುಕಿ, "ಈಡ ಕೂಸುನ್ನಾವೇಮ್ಮಾ?" ಎಂದು ತೆಲುಗಿನಲ್ಲಿ ಬೆರಗಾಗಿ ಕೇಳಿದರು, ಇಲ್ಲೇಕೆ ಕೂತೆ ಎಂಬ ಆ ಪ್ರಶ್ನೆಗೆ ನಾನು ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದೆ. ಗಟ್ಟಿಮೇಳದ ಸದ್ದು ಕೇಳಿ ಒಂದು ಹಿಡಿ ಅಕ್ಷತೆ ತೆಗೆದುಕೊಂಡು ಓಡಿಬರುವಷ್ಟರಲ್ಲಿ ಧಾರೆ ಮುಗಿದು, ಜನ ಅಕ್ಷತೆಯ ಕೈ ಒರೆಸಿಕೊಂಡು ಊಟದ ಹಾಲಿನ ಕಡೆ ನಡೆಯುತ್ತಿದ್ದರು. ನನ್ನ ಮುಷ್ಟಿಯಲ್ಲಿ ಅಕ್ಕಿ ಹಾಗೇ ಇತ್ತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಅಪ್ಪ ಬಾಗಿಲ ಬಳಿ ನಿಂತಿದ್ದರು. ಅಮ್ಮ ಹೋದ ಮೇಲೆ ಅವರು ಚಿಂತಾಮಣಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆಗಿದ್ದಾರೆ. ನನ್ನ ಮುಷ್ಟಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ರಜಾ ಹಾಕಿದ್ದೀಯೋ ಇಲ್ವೋ?" ಎಂದರು.

"ನಂಗ್ಯಾರಪ್ಪ ರಜಾ ಕೊಡೋರು?" ಎಂದೆ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ಅರ್ಜಿಯೊಂದು ತಪ್ಪು ವಿಭಾಗಕ್ಕೆ ಬಂದಾಗ ಅವರು ಹೀಗೇ ಯೋಚಿಸುತ್ತಿದ್ದಿರಬೇಕು. "ನಂಗೆ ಬರಿ. ನಾನ್ ಕೊಡ್ತೀನಿ," ಎಂದರು.

ಊಟದ ಗದ್ದಲದಲ್ಲಿ ಹೇಳಿದ ಮಾತೆಂದು ನಾನು ಮರೆಯಬಹುದಿತ್ತು, ಆದರೆ ಅಪ್ಪ ಮರೆಯುವವರಲ್ಲ. ಮರುವಾರವೇ ಫೋನು ಮಾಡಿ ನಿಯಮಾವಳಿಯನ್ನು ಓದಿ ಹೇಳಿದರು. ತಿಂಗಳಿಗೆ ಎರಡು ದಿನ ರಜೆ. ಅರ್ಜಿ ಕೈಬರಹದಲ್ಲಿರಬೇಕು, ಎಡಭಾಗ ಮಡಿಚಿರಬೇಕು, 'ಮಾನ್ಯರೇ' ಎಂದೇ ಆರಂಭವಾಗಬೇಕು. ಕಚೇರಿ ವ್ಯವಹಾರದಲ್ಲಿ ಅಪ್ಪ ಮಗಳು ಎಂಬುದೆಲ್ಲ ಇಲ್ಲ. ಕಾರಣ ಸ್ಪಷ್ಟವಾಗಿರಬೇಕು. ನನ್ನ ಮೊದಲ ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸಿದೆ. ನಾನು ಕೇಳಿದ್ದ ದಿನ ಕಳೆದು ನಾಲ್ಕು ದಿನವಾದ ಮೇಲೆ ಮಂಜೂರಾತಿ ಬಂತು. ಸರ್ಕಾರಿ ಪದ್ಧತಿಯ ಈ ಅನುಕರಣೆ ಅತಿಯಾಯಿತೆಂದು ನಾನು ಗೊಣಗಿದ ಮೇಲೆ ವಾಟ್ಸ್ಯಾಪಿನಲ್ಲಿ ಫೋಟೊ ಕಳುಹಿಸುವುದಕ್ಕೆ ಅನುಮತಿ ಸಿಕ್ಕಿತು. ಅಪ್ಪ ಅದನ್ನು ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಇಳಿಸಿಕೊಂಡು, ಆವಕ ಪುಸ್ತಕವೆಂದು ಹೆಸರು ಬರೆದ ನೋಟುಬುಕ್ಕಿನಲ್ಲಿ ದಾಖಲಿಸಿ, ಎಡದಂಚಿನಲ್ಲಿ ಷರಾ ಬರೆದು, ಮತ್ತೆ ಫೋಟೊ ತೆಗೆಸಿ ಕಳುಹಿಸುತ್ತಿದ್ದರು. ಷರಾ ಹಸಿರು ಶಾಯಿಯಲ್ಲಿರುತ್ತಿತ್ತು. ಸರ್ಕಾರಿ ಲೋಕದಲ್ಲಿ ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳ ಸೊತ್ತು. ಅದಕ್ಕೆ ಒಂದೇ ಮೆಟ್ಟಿಲು ಕೆಳಗೆ ನಿವೃತ್ತರಾದ ಅಪ್ಪ ಜೀವಮಾನವಿಡೀ ನೀಲಿಯಲ್ಲೇ ಬರೆದವರು. ಹೊಸ ಹುದ್ದೆಗೆಂದು ಅವರು ತಾವಾಗಿ ಹೋಗಿ ಹಸಿರು ಪೆನ್ನು ಕೊಂಡುತಂದರೆಂದು ತಮ್ಮನ ಹೆಂಡತಿ ಸುಮಾ ನಗುತ್ತ ಹೇಳಿದಳು. "ಬೆಳಗ್ಗೆ ಸ್ನಾನ ಮಾಡಿ, ಅಂಗಿ ಹಾಕ್ಕೊಂಡು, ಪೆನ್ ಜೇಬಿಗ್ ಸಿಗಿಸ್ಕೊಂಡೇ ಕಾಫಿಗ್ ಬರ್ತಾರೆ ಅತ್ಗೆ," ಎಂದಳು. ನನಗೆ ನಗು ಬರಲಿಲ್ಲ, ಬಹಳ ಸಂತೋಷವಾಯಿತು.

ನೀವು ನಂಬಲಿಕ್ಕಿಲ್ಲ, ಈ ನಾಟಕ ಕೆಲಸ ಮಾಡಿತು. ಅಂಚಿನಲ್ಲಿ 'ಮಂಜೂರು' ಎಂಬ ಹಸಿರಕ್ಷರ ಕಂಡ ಮೇಲೆ, 'ನಾಳೆ ನಾನು ರಜೆಯಲ್ಲಿದ್ದೇನೆ' ಎಂದು ಗಿರಾಕಿಗಳಿಗೆ ಬರೆಯಲು ನಾನು ಹಿಂಜರಿಯುತ್ತಿರಲಿಲ್ಲ. ಅವರೂ ಯಾರು ಕೊಟ್ಟ ರಜೆ ಎಂದು ಕೇಳುತ್ತಿರಲಿಲ್ಲ. ಅಪ್ಪ ಸುಲಭದ ಅಧಿಕಾರಿಯೂ ಆಗಿರಲಿಲ್ಲ. ಒಮ್ಮೆ ನಾನು 'ಬೇಜಾರಿನ ನಿಮಿತ್ತ ಒಂದು ದಿನ ರಜೆ' ಎಂದು ಬರೆದಾಗ, 'ಬೇಜಾರು ಕಾರಣವಲ್ಲ, ಪರಿಣಾಮ. ಮೂಲ ಕಾರಣವನ್ನು ತಿಳಿಸಿ ಮರುಸಲ್ಲಿಸುವುದು' ಎಂಬ ಷರಾದೊಂದಿಗೆ ಅರ್ಜಿ ಹಿಂದಿರುಗಿತು. ಕುಳಿತು ಯೋಚಿಸಿದೆ. ಆಮೇಲೆ 'ಅಮ್ಮನ ನೆನಪಾದ ನಿಮಿತ್ತ' ಎಂದು ಬರೆದು ಕಳುಹಿಸಿದೆ. 'ಮಂಜೂರು. ನನಗೂ' ಎಂದು ಉತ್ತರ ಬಂತು.

ಹೀಗೆ ತಿಂಗಳಿಗೆ ಎರಡು ದಿನ ಉಸಿರಾಡುತ್ತ ಇದ್ದವಳ ಕೆಲಸದ ಸ್ವರೂಪವೇ ಮೆಲ್ಲಗೆ ಬದಲಾಗತೊಡಗಿತು. ಕಂಪ್ಯೂಟರೇ ಅನುವಾದ ಮಾಡಿ ಮುಗಿಸುತ್ತಿತ್ತು. ನನಗೆ ಬರುತ್ತಿದ್ದುದು ಅದು ಮಾಡಿದ್ದನ್ನು ಒರೆಸಿ, ಗುಡಿಸಿ, ನೆಟ್ಟಗೆ ಜೋಡಿಸುವ ಕೆಲಸ. ಬೇರೆಯವರು ಉಂಡೆದ್ದ ಎಲೆ ತೆಗೆಯುವ ಹಾಗೆ ಅನಿಸುತ್ತಿತ್ತು. ಆ ಹೊತ್ತಿಗೆ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿರುವ ಕಾರ್ಖಾನೆಯೊಂದರಿಂದ ಕರೆ ಬಂತು. ಅವರಿಗೆ ಯಂತ್ರಗಳ ಬಳಿ ಹಾಕುವ ಸೂಚನೆಗಳನ್ನೂ ತರಬೇತಿಯ ಪುಸ್ತಕಗಳನ್ನೂ ಕನ್ನಡದಲ್ಲಿ ಬರೆಯಲು ಒಬ್ಬರು ಬೇಕಾಗಿದ್ದರು. ಬಿಡಿಯಾಗಿ ಅಲ್ಲ, ಅಲ್ಲೇ ಕುರ್ಚಿ ಹಾಕಿಕೊಂಡು.

ಮಾತಾಡಲು ಹೋದಾಗ ನನ್ನನ್ನು ಒಳಗೆ ಕರೆದೊಯ್ದು ತೋರಿಸಿದವರು ಅಲ್ಲಿನ ಸಿಬ್ಬಂದಿ ವಿಭಾಗದ ಸಕೀನಾ. ಅಲೀಪುರದವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಮೃದುವಾಗಿ ಮಾತಾಡಿ ಗಟ್ಟಿಯಾಗಿ ನಡೆಯುವ ಹೆಂಗಸು. ಒಂದು ಯಂತ್ರದ ಪಕ್ಕದಲ್ಲಿ ಸೂಚನಾಫಲಕವೊಂದಿತ್ತು. 'ಚಾಲನಾವಸ್ಥೆಯಲ್ಲಿ ಹಸ್ತಪ್ರವೇಶವು ನಿಷೇಧಿತವಾಗಿರುತ್ತದೆ' ಎಂದು ಬರೆದಿತ್ತು. ಅದರ ಮೊಳೆಗೆ ಯಾರೋ ಊಟದ ಚೀಲ ನೇತುಹಾಕಿದ್ದರು. "ಯಾರೂ ಓದಲ್ಲ ಮೇಡಂ," ಎಂದರು ಸಕೀನಾ. "ಇಲ್ಲಿ ಅರ್ಧ ಜನ ತೆಲುಗು ಮಾತಾಡ್ತಾರೆ, ಕನ್ನಡ ಓದ್ತಾರೆ. ನಮ್ಮನೇಲಿ ಉರ್ದು. ನೀವು ಇಲ್ಲೇ ಇದ್ರೆ, ಬರೆದಿದ್ದು ಅರ್ಥ ಆಯ್ತಾ ಅಂತ ಅವ್ರನ್ನೇ ಕೇಳ್ಬೋದಲ್ವಾ?" ನಾನು ಕಣ್ಣುಮುಚ್ಚಿ ನೋಡಿದರೂ ಕಾಣದ ಓದುಗರಿಗೆ ಇಷ್ಟು ವರ್ಷ ಬರೆದವಳು. ನನ್ನ ಓದುಗರು ಎದುರಿಗೇ ನೀಲಿ ಅಂಗಿ ಹಾಕಿಕೊಂಡು ಓಡಾಡುತ್ತಿದ್ದುದನ್ನು ಅಂದೇ ಮೊದಲು ನೋಡಿದ್ದು. ಸೋಮವಾರ ಮಧ್ಯಾಹ್ನದೊಳಗೆ ಉತ್ತರ ತಿಳಿಸುತ್ತೇನೆಂದು ಹೇಳಿ ಬಂದೆ.

ಮನಸ್ಸು ಅಲ್ಲೇ ಉಳಿದಿತ್ತು, ಆದರೂ ಶುಕ್ರವಾರದಿಂದ ಭಾನುವಾರದವರೆಗೆ ನಾನು ಬೇಡವೆನ್ನುವುದಕ್ಕೆ ಕಾರಣಗಳನ್ನೇ ಹುಡುಕಿದೆ. ಅವರೂ ಒಂದು ದಿನ ಎರಡು ವಾಕ್ಯ ಬರೆದು ಕಳುಹಿಸಿದರೆ ಏನು ಮಾಡಲಿ? ಒಮ್ಮೆ ಒಗೆದು ಮಡಿಚಿಟ್ಟ ಚೀಲವನ್ನು ಮತ್ತೊಮ್ಮೆ ಒಗೆಯುವ ಶಕ್ತಿ ನನಗಿರಲಿಲ್ಲ. ಇದು ಹೊರಗೆ ಹೇಳಿಕೊಳ್ಳಬಹುದಾದ ಕಾರಣ. ಹೇಳಿಕೊಳ್ಳಲಾಗದ ಇನ್ನೊಂದಿತ್ತು. ನಾನು ಕೆಲಸಕ್ಕೆ ಸೇರಿದರೆ ರಜೆ ಕೊಡುವವರು ಬೇರೆಯವರಾಗುತ್ತಾರೆ. ಚಿಂತಾಮಣಿಯಲ್ಲಿ ಬೆಳಗಿನ ಕಾಫಿಗೆ ಮೊದಲೇ ಜೇಬಿಗೆ ಪೆನ್ನು ಸಿಗಿಸಿಕೊಳ್ಳುವ ಅಪ್ಪನಿಗೆ ಎರಡನೆಯ ಸಲ ನಿವೃತ್ತಿಯಾಗುತ್ತದೆ. ಒಬ್ಬರ ಕೈಯಿಂದ ಹಸಿರು ಪೆನ್ನು ಕಿತ್ತುಕೊಂಡು ನಾನು ಕುರ್ಚಿ ಹತ್ತುವುದು ನನಗೆ ಸರಿಬರಲಿಲ್ಲ. ನಮ್ಮವರನ್ನು ಕೇಳಿದೆ. ಗಣಿತದ ಮೇಷ್ಟ್ರು, "ಎರಡಕ್ಕೂ ಸರಿಸಮ ತೂಕ ಇದೆ, ನೀನೇ ನೋಡು," ಎಂದು ಲೆಕ್ಕವನ್ನು ನನಗೇ ಹಿಂದಿರುಗಿಸಿದರು.

ಭಾನುವಾರ ಸಂಜೆ ಎರಡು ಪತ್ರ ಬರೆದೆ. ಒಂದು ಕಾರ್ಖಾನೆಗೆ: ವೈಯಕ್ತಿಕ ಕಾರಣಗಳಿಂದ ಈ ಹುದ್ದೆಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲವೆಂದು. ಇನ್ನೊಂದು, ಮೇಲೆ ಚಿಂತಾಮಣಿಯ ವಿಳಾಸ ಬರೆದು, ಅಪ್ಪನಿಗೆ: ಕೊರೊನಾ ಬಂದಂದಿನಿಂದ ಯಾರಿಗೂ ಇಲ್ಲವೆನ್ನದೆ ದುಡಿದವಳು ಇಂದು ಒಬ್ಬರಿಗೆ ಇಲ್ಲವೆಂದು ಬರೆದಿದ್ದೇನೆ, ಆ ದಣಿವು ಆರಿಸಿಕೊಳ್ಳುವ ನಿಮಿತ್ತ ಎರಡು ದಿನ ರಜೆ ಬೇಕೆಂದು. ಬೇರೆ ಯಾರಾದರೂ ಆಗಿದ್ದರೆ ಕಾರ್ಖಾನೆಗೆ ನಾಲ್ಕು ಸಾಲು ಮೇಲ್ ಮಾಡಿ ಮುಗಿಸುತ್ತಿದ್ದರು. ಶಿರಸ್ತೇದಾರರ ಮಗಳು ಅದನ್ನೂ ಹಾಳೆಯಲ್ಲಿ, ಎಡಭಾಗ ಮಡಿಚಿ, 'ಮಾನ್ಯರೇ' ಎಂದೇ ಬರೆದಳು. ಸೋಮವಾರ ಬೆಳಗ್ಗೆ ಎರಡರ ಫೋಟೊ ತೆಗೆದು, ಒಂದನ್ನು ಇಲ್ಲಿಗೆ ಒಂದನ್ನು ಅಲ್ಲಿಗೆ ಕಳುಹಿಸಿ, ಫೋನು ಮಗುಚಿಟ್ಟು ಸೊಪ್ಪು ಬಿಡಿಸಲು ಕುಳಿತೆ. ನಿರ್ಧಾರ ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆಂದು ಹೇಳುತ್ತಾರೆ. ನನ್ನದು ಹಗುರಾಗಲಿಲ್ಲ.

ಒಂದು ಗಂಟೆ ಕಳೆದಿರಬಹುದು, ಚಿಂತಾಮಣಿಯಿಂದ ಫೋಟೊ ಬಂತು. ಎಡದಂಚಿನಲ್ಲಿ ಹಸಿರು ಶಾಯಿಯಲ್ಲಿ, 'ಕಾರಣ ಸಮಂಜಸವಾಗಿಲ್ಲ. ತಿರಸ್ಕರಿಸಲಾಗಿದೆ' ಎಂದಿತ್ತು. ನನಗೆ ಸಿಟ್ಟೇ ಬಂತು. ಇಷ್ಟು ದಣಿದವಳಿಗೆ ಎರಡು ದಿನ ರಜೆ ಕೊಡದ ಅಧಿಕಾರಿ ಎಂಥವರು ಎಂದುಕೊಂಡು ಫೋಟೊವನ್ನು ಹಿಗ್ಗಿಸಿ ನೋಡಿದೆ. ಅಪ್ಪ ತಿರಸ್ಕರಿಸಿದ್ದುದು ರಜಾ ಅರ್ಜಿಯನ್ನಲ್ಲ. ಕಾರ್ಖಾನೆಗೆ ನಾನು ಬರೆದಿದ್ದ ನಿರಾಕರಣೆಯನ್ನು.

ಎರಡು ಹಾಳೆ, ಎರಡಕ್ಕೂ ಒಂದೇ ಮಡಿಕೆ, ಒಂದೇ ಕೈಬರಹ, ಒಂದೇ 'ಮಾನ್ಯರೇ'. ಫೋನಿನ ಪರದೆಯ ಪುಟ್ಟ ಚಿತ್ರಗಳಲ್ಲಿ ಅವಳಿಗಳಂತಿದ್ದವು. ಅಪ್ಪನಿಗೆ ಹೋಗಬೇಕಾದದ್ದು ಎಲ್ಲಿಗೆ ಹೋಯಿತೆಂದು ಹೊಳೆದಾಗ ಕೈಯಲ್ಲಿದ್ದ ದಂಟಿನ ಸೊಪ್ಪು ಕೆಳಗೆ ಬಿತ್ತು. ಸಕೀನಾ ಅವರ ಉತ್ತರ ಆಗಲೇ ಬಂದು ಕುಳಿತಿತ್ತು: 'ಮೇಡಂ, ನಮ್ಮ ಫ್ಯಾಕ್ಟ್ರಿ ಚಿಂತಾಮಣಿಯಲ್ಲಿಲ್ಲ. ಇಲ್ಲ ಅಂತ ಬರೆದದ್ದು ನಮಗಲ್ಲ ಅಂದ್ಕೊಂಡಿದ್ದೀನಿ. ರಜೆ ಕೊಡೋಣ, ಎರಡು ದಿನ ಚೆನ್ನಾಗಿ ರೆಸ್ಟ್ ಮಾಡಿ. ಬುಧವಾರ ಬಂದು ಸೇರ್ಕೊಳ್ಳಿ.' ಸೇರುವ ಮೊದಲೇ ರಜೆ ಮಂಜೂರಾದ ಉದ್ಯೋಗಿ ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ಅಪ್ಪನ ಫೋನು. "ವೈಯಕ್ತಿಕ ಕಾರಣ ಅಂದ್ರೇನಮ್ಮ?" ಎಂದರು. "ಸರ್ವಿಸ್ ಪೂರ್ತಿ ಓದಿದ್ದೀನಿ ಆ ಮಾತ್ನ. ಹಾಗ್ ಬರಿಯೋರ್ಗೆ ಕಾರಣ ಇರಲ್ಲ, ಭಯ ಇರುತ್ತೆ."

ಭಯ ಇದೆಯೆಂದು ಒಪ್ಪಿಕೊಂಡೆ. "ಮತ್ತೆ ತೆಗೆದ್ ಹಾಕಿದ್ರೆ ಏನಪ್ಪ ಮಾಡ್ಲಿ?"

"ತೆಗೆದ್ರೆ ನಂಗೆ ಬರಿ. ಇಲ್ಲಿ ಆಫೀಸ್ ಮುಚ್ಚಿಲ್ಲ."

ಹೇಳಬಾರದೆಂದು ಮೂರು ದಿನ ಕಟ್ಟಿಟ್ಟಿದ್ದ ಮಾತು ಆಗ ಹೊರಬಿತ್ತು. "ನಾನಲ್ಲಿ ಸೇರಿದ್ರೆ, ನೀವು ಹಸಿರು ಇಂಕಲ್ಲಿ ಬರಿಯೋದು ನಿಂತ್ಹೋಗುತ್ತಲ್ಲಪ್ಪ." ಸುಮಾ ಒಳಗೆಲ್ಲೋ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಅಪ್ಪ ಕೆಮ್ಮಿ, ನಿಧಾನವಾಗಿ ಹೇಳಿದರು: "ನಾನ್ ರಜಾ ಕೊಟ್ಟಿದ್ದು ನಿಂಗೆ ರೆಸ್ಟ್ ಸಿಗ್ಲಿ ಅಂತ. ನಂಗೆ ಕೆಲ್ಸ ಸಿಗ್ಲಿ ಅಂತಲ್ಲ ಕಣಮ್ಮ."

ಫೋನಿಟ್ಟ ಮೇಲೆ ಕೆಳಗೆ ಬಿದ್ದಿದ್ದ ಸೊಪ್ಪನ್ನು ಆರಿಸಿಕೊಂಡೆ. ಅಳು ಬಂತು, ಆದರೆ ಚೀಲ ಒಗೆದಾಗ ಬಂದ ಅಳು ಅದಲ್ಲ. ಎದೆಯ ಮೇಲೆ ಕಾಲೂರಿ ನಿಂತಿದ್ದ ಯಾರೋ ಪಕ್ಕಕ್ಕೆ ಸರಿದ ಹಾಗಿತ್ತು. ಎದ್ದು ಮುಖ ತೊಳೆದುಕೊಂಡು, ಸಕೀನಾ ಅವರಿಗೆ 'ಬುಧವಾರ ಬರುತ್ತೇನೆ' ಎಂದು ಬರೆದೆ. ಹಾಳೆಯಲ್ಲಿ ಅಲ್ಲ, ನೇರವಾಗಿ ಫೋನಿನಲ್ಲೇ. ಇನ್ನೊಂದು ತಪ್ಪಿಗೆ ನಾನು ಅವಕಾಶ ಕೊಡುವವಳಿರಲಿಲ್ಲ.

ಈಗ ಬೀರುವಿನ ಮೇಲಿದ್ದ ಚೀಲ ಮತ್ತೆ ಹೆಗಲೇರಿದೆ. ಸ್ವತಂತ್ರವಾಗಿ ದುಡಿಯುವ ಜಾಣರು ನನ್ನ ಮೇಲೆ ಮುನಿಯಬಾರದು. ನನ್ನ ಗೆಳತಿಯೊಬ್ಬಳು ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲೇ ಕುಳಿತು ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ, ಬೇಡವಾದ ಕೆಲಸಕ್ಕೆ ಬೇಡವೆಂದು ನಗುನಗುತ್ತಲೇ ಹೇಳುತ್ತಾಳೆ, ಮಧ್ಯಾಹ್ನ ನಿದ್ದೆಯನ್ನೂ ಮಾಡುತ್ತಾಳೆ. ಅವಳ ಅಂಚನ್ನು ಅವಳೇ ಮಡಿಚಿಕೊಳ್ಳಬಲ್ಲಳು. ನನಗೆ ಮಡಿಚಿಕೊಡುವವರು ಬೇಕಾಗಿತ್ತು, ಅಷ್ಟೆ. ಕಾರ್ಖಾನೆಯ ಸೈರನ್ನು ಸಂಜೆ ಐದೂವರೆಗೆ ಕೂಗಿದಾಗ ನಾನು ಅರ್ಧ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಅದು ಮರುದಿನ ಬೆಳಗ್ಗೆ ಅಲ್ಲೇ ಇರುತ್ತದೆ. ಈ ಸಾಮಾನ್ಯ ಸಂಗತಿ ತಿಳಿಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಬರೆದ ಸೂಚನೆಗಳನ್ನು ಗೋಡೆಗೇರಿಸುವ ಮುನ್ನ ಕೆಲಸಗಾರರ ಕೈಗೆ ಕೊಡುತ್ತೇನೆ, ಎಡಭಾಗ ಮಡಿಚಿಯೇ. ಮೊದಮೊದಲು ಅವರು ಆ ಖಾಲಿ ಜಾಗವನ್ನು ಅನುಮಾನದಿಂದ ನೋಡಿದರು. ಆಮೇಲೆ ಯಂತ್ರದ ಬಳಿಯ ಮುನಿರತ್ನಮ್ಮ ಎಂಬಾಕೆ ನನ್ನ ಐದು ಸಾಲಿನ ಎಚ್ಚರಿಕೆಯ ಪಕ್ಕದಲ್ಲಿ, 'ಮಿಷನ್ ಓಡ್ತಿದ್ರೆ ಕೈ ಹಾಕ್ಬೇಡಿ, ಬೆರಳು ಹೋಗುತ್ತೆ' ಎಂದು ಬರೆದುಕೊಟ್ಟಳು. ನನ್ನ ಸಾಲುಗಳನ್ನು ಹೊಡೆದು ಅವಳದನ್ನೇ ಫಲಕಕ್ಕೆ ಹಾಕಿಸಿದೆ. ಅದರ ಮೊಳೆಗೆ ಈಗ ಯಾರೂ ಚೀಲ ನೇತುಹಾಕುವುದಿಲ್ಲ.

ಮೂರನೆಯ ತಿಂಗಳು ಮೊದಲ ಬಾರಿಗೆ ರಜೆ ಬೇಕಾಯಿತು. ಕಾರ್ಖಾನೆಯಲ್ಲಿ ಅದಕ್ಕೆ ಫೋನಿನಲ್ಲೇ ವ್ಯವಸ್ಥೆಯಿದೆ. ದಿನಾಂಕ ಒತ್ತಿದೆ, ಕಳುಹಿಸಿದೆ, ನೀರು ಕುಡಿದು ಬರುವಷ್ಟರಲ್ಲಿ ಮಂಜೂರಾಗಿತ್ತು. ಕಾರಣ ಬರೆಯಲು ಒಂದು ಪುಟ್ಟ ಜಾಗವಿತ್ತು, ಬರೆಯಲೇಬೇಕೆಂದೇನೂ ಇರಲಿಲ್ಲ. ರಜೆ ಸಿಕ್ಕಿತು ನಿಜ, ಆದರೂ ಏನೋ ಬಾಕಿ ಉಳಿದಂತಿತ್ತು. ಹಾಳೆಯೊಂದನ್ನು ತೆಗೆದು, ಎಡಭಾಗ ಮಡಿಚಿ, ಉಗುರಿನಿಂದ ತೀಡಿ, 'ಮಾನ್ಯರೇ, ತಮ್ಮನ್ನು ನೋಡುವ ನಿಮಿತ್ತ ಒಂದು ದಿನದ ರಜೆ ಪಡೆದಿದ್ದೇನೆ. ಪ್ರತಿಯನ್ನು ತಮ್ಮ ಮಾಹಿತಿಗಾಗಿ ಸಲ್ಲಿಸಿದೆ' ಎಂದು ಬರೆದೆ. ಈ ಸಲ ಫೋಟೊ ತೆಗೆಯಲಿಲ್ಲ. ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ಅಪ್ಪನಿಗೆ ದ್ರಾಕ್ಷಿ ಕೊಂಡೆ. ಶಿಡ್ಲಘಟ್ಟ ಹತ್ತಿರವಾದಾಗ ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಒಳಬಂದು, ಅಕ್ಷತೆ ಹಿಡಿದು ನಿಂತಿದ್ದ ಆ ದಿನ ನೆನಪಾಯಿತು. ಫೋನು ಎರಡು ಸಲ ಸದ್ದು ಮಾಡಿತು. ತೆಗೆದು ನೋಡಬೇಕೆನಿಸಲಿಲ್ಲ.

ಅಪ್ಪ ಮಹಡಿಯ ಮೇಲೆ, ಅಂಬಾಜಿದುರ್ಗದ ಬೆಟ್ಟ ಕಾಣುವ ಕಡೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಜೇಬಿನಲ್ಲಿ ಪೆನ್ನಿತ್ತು. ನಮಸ್ಕಾರ ಮಾಡಿ ಹಾಳೆಯನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಮಡಿಕೆ ನೇರವಾಗಿದೆಯೇ ಎಂದು ಬೆರಳಾಡಿಸಿ ನೋಡಿದರು. ಪೆನ್ನು ತೆಗೆದರು, ಮೂರು ತಿಂಗಳು ಸುಮ್ಮನಿದ್ದ ಶಾಯಿ ಇಳಿಯಲಿಲ್ಲ. ಎರಡು ಸಲ ಕೊಡವಿ, ಪಕ್ಕದಲ್ಲಿದ್ದ ದಿನಪತ್ರಿಕೆಯ ಅಂಚಿನ ಮೇಲೆ ಗೀಚಿ ನೋಡಿ, ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಬರೆದು ನನ್ನ ಕಡೆ ತಿರುಗಿಸಿದರು.

'ಕಾರಣ ಸಮಂಜಸವಾಗಿದೆ. ಒಂದು ದಿನ ಸಾಲದು.'

ನಾನು ಫೋನು ತೆಗೆದು ಇನ್ನೊಂದು ದಿನಕ್ಕೆ ರಜೆ ಕೇಳಿದೆ.